ಮೂರನೆಯ ಮುದ್ದೆ

ಹಸಿದವನಿಗೆ ಅನ್ನವೊಂದಿದ್ದರೆ ಸಾಕು, ಜಾಗ ಎಲ್ಲಾದರೇನು ಎನ್ನುವವರ ಮಾತನ್ನು ನಾನು ಈಚೆಗೆ ನಂಬುವುದನ್ನು ಬಿಟ್ಟಿದ್ದೇನೆ. ನಿದ್ದೆಯ ವಿಷಯದಲ್ಲಿ ಬೇಕಾದರೆ ಅದು ನಿಜ. ರೈಲಿನ ಬಾಗಿಲಲ್ಲಿ ಕಂಬಿ ಹಿಡಿದು ನಿಂತೇ ನಿದ್ದೆ ಮಾಡುವವರನ್ನು ಕಂಡಿದ್ದೇನೆ. ನಮ್ಮ ಕಚೇರಿಯಲ್ಲಿ ಮಧ್ಯಾಹ್ನದ ಹೊತ್ತು ಲೇಖನಿ ಹಿಡಿದ ಕೈ ಅಲ್ಲಾಡದಂತೆ ನಿದ್ದೆ ಮಾಡುವ ವಿದ್ಯೆ ಬಲ್ಲವರಿದ್ದಾರೆ, ಅವರಲ್ಲಿ ನಾನೂ ಒಬ್ಬ. ಆದರೆ ಊಟ ಹಾಗಲ್ಲ. ಊಟಕ್ಕೆ ಕೂರುವಾಗ ಮನುಷ್ಯ ಒಮ್ಮೆ ಸುತ್ತ ನೋಡಿ, ಪಂಚೆ ಸರಿಮಾಡಿಕೊಂಡು, ಗೋಡೆ ಎಷ್ಟು ಹತ್ತಿರ, ಬಾಗಿಲು ಎಷ್ಟು ದೂರ ಎಂದು ಮನಸ್ಸಿನಲ್ಲೇ ಅಂದಾಜು ಮಾಡಿ ಕೂರುತ್ತಾನೆ. ಆ ಅಂದಾಜು ತಪ್ಪಿದರೆ ಮೃಷ್ಟಾನ್ನವೂ ಗಂಟಲಲ್ಲಿ ಇಳಿಯದು. ಇದನ್ನು ನನಗೆ ಕಲಿಸಿದವರು ನಮ್ಮ ಮಾವ. ಕಲಿಸುವ ಉದ್ದೇಶ ಅವರಿಗೇನೂ ಇರಲಿಲ್ಲ. ಅವರಿಗಿದ್ದದ್ದು ಉಣ್ಣುವ ಉದ್ದೇಶ ಮಾತ್ರ.

ಮುಂದೆ ಹೋಗುವ ಮೊದಲು ನನ್ನ ಕಾಯಿಲೆಯನ್ನು ಹೇಳಿಕೊಂಡುಬಿಡುತ್ತೇನೆ. ಓರೆಯಾದದ್ದನ್ನು ಕಂಡರೆ ನನಗಾಗದು. ಯಾರ ಮನೆಗೆ ಹೋದರೂ ಗೋಡೆಯ ಮೇಲೆ ವಾಲಿದ ಪಟವನ್ನು ಸರಿಮಾಡದೆ ನನ್ನ ಬಾಯಲ್ಲಿ ಮಾತು ಹೊರಡುವುದಿಲ್ಲ. ನನ್ನ ಮದುವೆಯ ದಿನ, ತಾಳಿ ಕಟ್ಟುವ ಹೊತ್ತಿನಲ್ಲಿ, ಹಸೆಮಣೆ ಒಂದು ಕಡೆ ಎತ್ತರವಾಗಿದೆ ಎಂದು ಪುರೋಹಿತರ ಕಿವಿಯಲ್ಲಿ ಹೇಳಿದೆನೆಂದು ನನ್ನ ಹೆಂಡತಿ ಸಾಕಮ್ಮ ಇವತ್ತಿಗೂ ಹಂಗಿಸುತ್ತಾಳೆ. ಕೆಲಸವೂ ಕಾಯಿಲೆಗೆ ತಕ್ಕದ್ದೇ ಸಿಕ್ಕಿತು. ಮಂಡ್ಯದ ನಾಲೆ ಕಚೇರಿಯಲ್ಲಿ ನಕ್ಷೆ ಬರೆಯುವುದು ನನ್ನ ಉದ್ಯೋಗ. ನಮ್ಮೂರು ಕೊತ್ತತ್ತಿಗೆ ಮೊದಲ ಸಲ ನಾಲೆಯ ನೀರು ಬಂದಾಗ ಊರಿಗೆ ಊರೇ ನೀರಿಗೆ ಅರಿಶಿನ ಕುಂಕುಮ ಹಾಕಿ ಕೈ ಮುಗಿಯಿತು. ನಾನು ಮಾತ್ರ ಗದ್ದೆಯಲ್ಲಿ ನಿಂತ ನೀರಿನ ಅಂಚನ್ನು ನೋಡುತ್ತ, ಆಹಾ, ಎಂಥ ಮಟ್ಟ ಎಂದು ಮೈಮರೆತಿದ್ದೆ. ಇಷ್ಟರ ಮೇಲೆ ನನ್ನ ಬಳಿ ಸ್ವಂತದ್ದೊಂದು ರಸಮಟ್ಟ ಇತ್ತು. ನೋಡದವರಿಗಾಗಿ ಹೇಳುತ್ತೇನೆ: ಗೇಣುದ್ದದ ತೇಗದ ತುಂಡು, ಅದಕ್ಕೆ ಹಿತ್ತಾಳೆಯ ಹೊದಿಕೆ, ನಡುವೆ ಗಾಜಿನ ಕೊಳವೆ, ಕೊಳವೆಯ ರಸದಲ್ಲಿ ತೇಲುವ ಒಂದು ಗುಳ್ಳೆ. ಯಾವುದರ ಮೇಲಿಟ್ಟಾಗ ಗುಳ್ಳೆ ನಟ್ಟನಡುವೆ ನಿಲ್ಲುತ್ತದೋ ಅದು ಮಟ್ಟಸ, ಇಲ್ಲವಾದರೆ ಓರೆ. ಮೈಸೂರಿನಿಂದ ಆಸೆಪಟ್ಟು ಕೊಂಡು ತಂದಿದ್ದೆ. ಬೇರೆಯವರು ಬೇಸರವಾದಾಗ ನಶ್ಯ ಏರಿಸುತ್ತಾರೆ. ನಾನು ಕಿಟಕಿಯ ಮೇಲೆ ರಸಮಟ್ಟ ಇಟ್ಟು ಗುಳ್ಳೆ ನೋಡುತ್ತ ಕೂರುತ್ತಿದ್ದೆ.

ಮಾವ ಪೂರಿಗಾಲಿಯವರು. ರಾಗಿ ಬೆಳೆದು, ರಾಗಿ ಉಂಡು, ರಾಗಿಯಷ್ಟೇ ಗಟ್ಟಿಯಾದ ಮನುಷ್ಯ. ಎತ್ತುಗಳನ್ನು ಬಿಟ್ಟು ಒಂದು ರಾತ್ರಿಯೂ ಹೊರಗೆ ತಂಗುವವರಲ್ಲ. ಅಂಥವರು, ನಮ್ಮ ಮಗು ಹುಟ್ಟಿದ ಮೇಲೆ, ಮೊಮ್ಮಗಳನ್ನು ನೋಡಲು ಮೊದಲ ಸಲ ಮಂಡ್ಯಕ್ಕೆ ಬಂದರು. ಆಗ ನಮ್ಮ ಮನೆಯಲ್ಲಿ ಹೊಸದಾಗಿ ಊಟದ ಮೇಜು ಕುರ್ಚಿ ಬಂದಿದ್ದವು. ವರ್ಗವಾಗಿ ಹೋಗುತ್ತಿದ್ದ ದೊಡ್ಡ ಅಧಿಕಾರಿಯೊಬ್ಬರು ಸಾಗಿಸಲಾರದೆ ಬಿಟ್ಟು ಹೋದದ್ದನ್ನು ನಾನು ಹೊತ್ತು ತಂದಿದ್ದೆ. ಮಾವ ಕುರ್ಚಿಯನ್ನು ಎರಡು ಸುತ್ತು ಸುತ್ತಿ ನೋಡಿ, ಹತ್ತಿ, ಅದರ ಮೇಲೆಯೇ ಚಕ್ಕಂಬಕ್ಕಳ ಹಾಕಿ ಕೂತರು. ಕುರ್ಚಿಗೆ ಕೈಗಳಿದ್ದವು. ಮಾವನ ಮಂಡಿಗಳು ಆ ಕೈಗಳ ಮೇಲೆ ಎರಡು ಗುಮ್ಮಟಗಳಂತೆ ನಿಂತವು. ತಟ್ಟೆ ಮುಂದೆ ಎಲ್ಲೋ ದೂರದಲ್ಲಿತ್ತು. ಒಂದು ಮುದ್ದೆಯನ್ನು ಕಷ್ಟಪಟ್ಟು ಇಳಿಸಿ, "ಸಾಕು ಕಣವ್ವ, ದಾರೀಲಿ ಏನೋ ತಿಂದ್ಬುಟ್ಟೆ" ಎಂದು ಕೈ ತೊಳೆದರು. ಮಗಳ ಮನೆಯ ಊಟದಲ್ಲಿ ಕೊರತೆ ಹೇಳಿದರೆ ಅದು ಮಗಳ ಕೈಗೇ ಹೇಳಿದಂತೆ ಎಂಬುದು ಅವರ ಮರ್ಯಾದೆ. ಆದ್ದರಿಂದ ಅವರು ಏನೂ ಹೇಳದೆ ಊರಿಗೆ ಹೋದರು.

ಹೇಳಿದ್ದು ಊರಿಗೆ ಹೋದಮೇಲೆ. ತಿಂಗಳ ನಂತರ ಪೂರಿಗಾಲಿಯ ಹೆಂಗಸೊಬ್ಬಳು ಸಂತೆಗೆ ಬಂದವಳು ನಮ್ಮ ಮನೆಗೂ ಬಂದು, ಎಲೆ ಅಡಿಕೆ ಮೆಲ್ಲುತ್ತ, ಕತೆಯನ್ನು ಸಾಕಮ್ಮನ ಮುಂದೆ ಬಿಚ್ಚಿದಳು. ಮಾವ ಹೊಸ್ತಿಲು ದಾಟುತ್ತಲೇ "ಮೊದ್ಲು ಮುದ್ದೆ ಇಕ್ಕಮ್ಮಿ" ಎಂದು ಕೂಗಿದರಂತೆ. ಕೂತ ಪಟ್ಟಿಗೆ ಮೂರು ಮುದ್ದೆ ಉಂಡರಂತೆ. "ಯಾಕೆ, ಮಗಳ ಮನೇಲಿ ಉಣ್ಣನಿಲ್ವಾ?" ಎಂದು ಅತ್ತೆ ಕೇಳಿದ್ದಕ್ಕೆ, "ಅಲ್ಲಿ ಕುಂತ್ಕಳಕ್ಕೆ ಎಲ್ಲದೆ ಜಾಗ?" ಎಂದರಂತೆ. ಕೇರಿಯಲ್ಲಿ ಇದು ಬೆಳೆದು, ಪ್ಯಾಟೆ ಅಳಿಯ ಮಾವನನ್ನು ಮರದ ಮೇಲೆ ಹತ್ತಿಸಿ ಉಣ್ಣಲಿಕ್ಕಿದ ಎನ್ನುವವರೆಗೆ ಹೋಗಿತ್ತು. ಆ ಹೆಂಗಸು ಹೋದಮೇಲೆ ಸಾಕಮ್ಮ ಕಣ್ಣೊರೆಸಿಕೊಂಡಳು. "ನಮ್ಮಪ್ಪ ಮೂರು ಮುದ್ದೆ ಉಣ್ಣೋರು. ನನ್ನ ಮನೇಲಿ ಒಂದುಂಡು ಎದ್ರು. ಅಪ್ಪನ್ನ ಅಸ್ದೊಟ್ಟೇಲಿ ಕಳಿಸಿದ ಮಗಳು ಅಂತ ಎಸರಾಯ್ತಲ್ರೀ ನಂಗೆ. ಮುಂದ್ಲ ಸತಿ ಬಂದಾಗ ಮೂರನೇ ಮುದ್ದೆ ಇಳೀಬೇಕು, ಅಷ್ಟೆ." ನನಗೆ ನಿಜವಾಗಿ ಸಂಕಟವಾಯಿತು. ಮೇಜಿನ ಕಾಲುಗಳನ್ನು ಅವತ್ತೇ ಕಳಚಿ ಅಟ್ಟಕ್ಕೆ ಹಾಕಿದೆ. ನೆಲದ ಮೇಲೆ ಕೂತು ಸುಖವಾಗಿ ಉಣ್ಣುವಂಥ ಒಂದು ಜಾಗವನ್ನು ನಾನು ನನ್ನ ಕೈಯಾರೆ ಮಾಡಿಸುತ್ತೇನೆ, ಮಾವನೇನು, ಯಾರು ಬಂದರೂ ಎದ್ದು ಹೋಗಲು ಮನಸ್ಸಾಗಬಾರದು ಎಂದು ಮಾತು ಕೊಟ್ಟೆ.

ಮಾತು ಕೊಟ್ಟವನು ಒಂದು ಚಾಪೆ ಹಾಸಿ ಸುಮ್ಮನಾಗಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ನಾನು ನಕ್ಷೆ ಬರೆದೆ. ಅಡುಗೆಮನೆಗೆ ಅಂಟಿದ ಪಡಸಾಲೆಯ ಮೂಲೆಯನ್ನು ಆರಿಸಿ, ಬೆನ್ನಿಗೆ ಗೋಡೆ, ಎಡಕ್ಕೆ ಗಾಳಿ, ಬಲಕ್ಕೆ ಬಡಿಸುವವರಿಗೆ ದಾರಿ, ಕೈ ತೊಳೆಯಲು ಎದ್ದರೆ ಎರಡೇ ಹೆಜ್ಜೆಗೆ ಬಚ್ಚಲ ಬಾಯಿ, ಎಲ್ಲವನ್ನೂ ಗುರುತು ಮಾಡಿದೆ. ಕೂರುವುದಕ್ಕೆ ಹತ್ತಿ ತುಂಬಿದ ತೆಳು ಮೆತ್ತೆ. ಉಣ್ಣುವವರು ಬಗ್ಗಬಾರದು ಎಂದು ತಟ್ಟೆ ಇಡಲು ಮುಂದೊಂದು ಪುಟ್ಟ ಮಣೆ. ಸಾಕಮ್ಮ ನಕ್ಷೆಯನ್ನು ತಲೆಕೆಳಗೆ ಹಿಡಿದು ಬಹಳ ಹೊತ್ತು ನೋಡಿದಳು. "ನೆಲದ ಮ್ಯಾಲೆ ಕುಂತ್ಕಳಕ್ಕೂ ನಕ್ಸೆ ಬೇಕಾ?" ಎಂದಳು. ಯಾವ ಮಹಾಕಾರ್ಯಕ್ಕೂ ಆರಂಭದಲ್ಲಿ ಇಂಥ ಮಾತು ತಪ್ಪಿದ್ದಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ.

ಯುದ್ಧದ ಕಾಲ. ಸಿಮೆಂಟು ಕಣ್ಣಿಗೆ ಬೀಳುತ್ತಿರಲಿಲ್ಲ. ಹಳೆಯ ಪದ್ಧತಿಯಂತೆ ಸುಣ್ಣ, ಇಟ್ಟಿಗೆ ಪುಡಿ ಅರೆಸಿ ಗಾರೆಯ ನೆಲ ಹಾಕಿಸಲು ಮದ್ದೂರಿನಿಂದ ಸಿದ್ದಯ್ಯ ಎಂಬ ಗಾರೆ ಕೆಲಸದವನನ್ನು ಕರೆಸಿದೆ. ಸಿದ್ದಯ್ಯನಿಗೆ ಕೆಲಸಕ್ಕಿಂತ ನನ್ನ ರಸಮಟ್ಟ ಹಿಡಿಸಿತು. ಗುಳ್ಳೆಯನ್ನು ಅವನು ಮೀನು ಎಂದು ಕರೆದ. ಒಂದು ಕರಣೆ ಗಾರೆ ಬಳಿಯುವುದು, ರಸಮಟ್ಟ ಇಡುವುದು, "ಸೋಮಿ, ಮೀನು ಆಕಡೀಕೆ ಓಡೋಯ್ತು!" ಎಂದು ಕೂಗುವುದು. ನಾನು ಕಚೇರಿಗೆ ಹೊರಟವನು ಚಪ್ಪಲಿ ಬಿಟ್ಟು ಒಳಗೆ ಬರುವುದು. ಮತ್ತೆ ಕೆರೆಯುವುದು, ಮತ್ತೆ ಬಳಿಯುವುದು. ಸಕ್ಕರೆ ಕಾರ್ಖಾನೆಯ ಕೂಗು ಕೇಳಿ ಊರೆಲ್ಲ ಮನೆಗೆ ಬಂದರೂ ನಾವಿಬ್ಬರು ನೆಲಕ್ಕೆ ಕೆನ್ನೆಯಿಟ್ಟು ಮಲಗಿ ಒಂದೇ ಕಣ್ಣಲ್ಲಿ ಮೀನು ನೋಡುತ್ತಿದ್ದೆವು. ಬೀದಿಯವರು ನಮ್ಮ ಮನೆಯಲ್ಲಿ ಏನೋ ನಿಧಿ ಸಿಕ್ಕಿದೆ ಎಂದು ಮಾತಾಡಿಕೊಂಡರಂತೆ. ಕೊನೆಗೆ ಯಾವ ಮೂಲೆಯಲ್ಲಿಟ್ಟರೂ ಗುಳ್ಳೆ ಅಲ್ಲಾಡದೆ ನಡುವೆ ನಿಲ್ಲುವಂಥ ನೆಲ ಸಿದ್ಧವಾಯಿತು. ನುಣುಪೆಂದರೆ ಮುಖ ಕಾಣುವಂಥ ನುಣುಪು. ಮಂಡ್ಯದಲ್ಲಿ ಅಷ್ಟು ಮಟ್ಟಸವಾದ ನೆಲ ಇನ್ನೊಂದಿರಲಿಲ್ಲ ಎಂದು ಈಗಲೂ ಆಣೆ ಮಾಡಿ ಹೇಳಬಲ್ಲೆ.

ಮಾವ ಎರಡನೆಯ ಸಲ ಬಂದರು. ಪೆಟ್ರೋಲೂ ಸಿಗದ ಕಾಲ, ಮಳವಳ್ಳಿಯಿಂದ ಇದ್ದಿಲು ಉರಿಸಿ ಓಡಿಸುವ ಬಸ್ಸು. ದಿಬ್ಬ ಬಂದಲ್ಲೆಲ್ಲ ಗಂಡಸರು ಇಳಿದು ತಳ್ಳಬೇಕು. ಮಾವ ಬಂದಿಳಿದಾಗ ಮುಖ ಅರ್ಧ ಕಪ್ಪಾಗಿತ್ತು, ಹೆಗಲ ಮೇಲೆ ರಾಗಿ ಹಿಟ್ಟಿನ ಗಂಟಿತ್ತು. ಬಸ್ಸು ತಳ್ಳಿ ಬಂದವರಿಗೆ ಹಸಿವು ಚೆನ್ನಾಗಿಯೇ ಇರುತ್ತದೆ ಎಂದು ಸಾಕಮ್ಮ ಹಿಗ್ಗಿ, ಬಿಸಿಬಿಸಿಯಾಗಿ ಮುದ್ದೆ ಕಟ್ಟಿದಳು. ನಾನು ಮಾವನನ್ನು ಕೈ ಹಿಡಿದು ನನ್ನ ಊಟದ ಜಾಗಕ್ಕೆ ಕರೆತಂದೆ.

ಮಾವ ಮೊದಲು ಮೆತ್ತೆಯನ್ನು ನೋಡಿದರು. ಬೆರಳಿನಿಂದ ಒತ್ತಿದರು. "ಮೆತ್ಗದೆ. ಕೂಸು ಮನೀಕಳ್ಳಿ" ಎಂದು ಅದನ್ನು ಆಚೆಗೆಳೆದು, ಮೊಮ್ಮಗಳನ್ನು ತಂದು ಅದರ ಮೇಲೆ ಮಲಗಿಸಿದರು. ಆಮೇಲೆ ಮಣೆಯನ್ನು ಕಂಡರು. ಮಣೆ ಕಂಡರೆ ನಮ್ಮ ಕಡೆಯ ಮನುಷ್ಯ ಏನು ಮಾಡುತ್ತಾನೆ? ಕೂರುತ್ತಾನೆ. ಮಾವ ಅದರ ಮೇಲೆ ಕೂತರು. ಮಣೆ ಇರುವುದು ತಟ್ಟೆಗೆ ಎಂದು ಹೇಳಲು ಬಾಯಿ ತೆರೆದೆ. ಸಾಕಮ್ಮ ಅಡುಗೆಮನೆಯ ಬಾಗಿಲಿಂದ ಕಣ್ಣು ಕೆಕ್ಕರಿಸಿದಳು. ಊಟಕ್ಕೆ ಕೂತವರನ್ನು, ಅದೂ ಹೆಣ್ಣು ಕೊಟ್ಟ ಮಾವನನ್ನು, ಮಣೆಯಿಂದ ಏಳಿ ಎನ್ನುವುದುಂಟೇ? ತೆರೆದ ಬಾಯಿಯನ್ನು ಮುಚ್ಚಿ, ನನ್ನ ಮೆತ್ತೆಯನ್ನೂ ಮೆಲ್ಲಗೆ ಕಾಲಿನಿಂದ ಸರಿಸಿ, ನಾನೂ ತಟ್ಟೆಯ ಮಣೆಯ ಮೇಲೆಯೇ ಕುಕ್ಕರಿಸಿದೆ. ತಟ್ಟೆಯ ಅಳತೆಗೆ ಮಾಡಿಸಿದ ಮಣೆ, ಮನುಷ್ಯನ ಅಳತೆಗಲ್ಲ. ಮಂಡಿಗಳು ಕಿವಿಗೆ ಬಂದವು. ಇಬ್ಬರೂ ತಂತಿಯ ಮೇಲಿನ ಕಾಗೆಗಳ ಹಾಗೆ ಕೂತು, ಕೆಳಗೆ ದೂರದಲ್ಲಿದ್ದ ತಟ್ಟೆಗೆ ಕೈ ಚಾಚಿ ಚಾಚಿ ಉಂಡೆವು. ಮಾವ ಒಂದು ಮುದ್ದೆಗೆ ಎದ್ದರು. "ಒಟ್ಟೆ ತುಂಬ್ತು ಕಣವ್ವ" ಎಂದರು.

ಮಣೆಗಳನ್ನು ಅವತ್ತು ಮಧ್ಯಾಹ್ನವೇ ಅಟ್ಟಕ್ಕೆ, ಮೇಜಿನ ಪಕ್ಕಕ್ಕೆ, ಸೇರಿಸಿದೆ. ಸಂಜೆಗೆ ಬರಿಯ ನೆಲ. ಮಾವ ಒಂದು ಮಂಡಿ ಎತ್ತಿ, ಒಂದು ಮಡಿಸಿ, ಗೋಡೆಗೆ ಹಗುರವಾಗಿ ಒರಗಿ ಕೂತ ಚಂದ ನೋಡಿ ನನಗೆ ಗೆದ್ದೆ ಎನಿಸಿತು. ಕಂಚಿನ ಗಂಗಳದಲ್ಲಿ ಮುದ್ದೆ ಬಿತ್ತು. ಸಾಕಮ್ಮ ಅವರೆಕಾಳಿನ ಸಾರು ಬಿಟ್ಟಳು. ಆ ಗಂಗಳದ ಸಾರನ್ನು ನಾನು ಎಂದಿಗೂ ಮರೆಯಲಾರೆ. ಅದು ಮುದ್ದೆಯ ಸುತ್ತ, ಎಲ್ಲ ಕಡೆಗೂ ಒಂದೇ ಸಮನಾಗಿ, ಕೂದಲೆಳೆಯ ವ್ಯತ್ಯಾಸವಿಲ್ಲದೆ ಹರಡಿ ನಿಂತಿತು. ನನ್ನ ನೆಲಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ನಾನು ಉಣ್ಣುವುದನ್ನು ಬಿಟ್ಟು ಮಾವನ ಗಂಗಳವನ್ನೇ ನೋಡುತ್ತಿದ್ದೆ. ಮಾವ ಮಾತ್ರ ಗಂಗಳವನ್ನು ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು. ಎಡಗೈ ನೆಲದ ಮೇಲೆ ಏನನ್ನೋ ಹುಡುಕುವಂತೆ ಓಡಾಡಿತು. ನೆಲದ ನುಣುಪನ್ನು ಸವರಿ ಮೆಚ್ಚುತ್ತಿದ್ದಾರೆ ಎಂದುಕೊಂಡು, "ಹೇಗಿದೆ ಮಾವ ನೆಲ?" ಎಂದೆ. "ಬಾಳ ನುಣ್ಗದೆ ಅಳಿಮಯ್ಯ, ಒಂದು ಕಲ್ಲೂ ಸಿಕ್ಕಾಕಿಲ್ಲ" ಎಂದರು. ನನಗೆ ಹಿಗ್ಗೇ ಹಿಗ್ಗು. ಒಂದು ಮುದ್ದೆ ಮುಗಿಯಿತು, ಎರಡನೆಯದು ಅರ್ಧಕ್ಕೆ ನಿಂತಿತು. ಮಾವ ನೀರು ಕುಡಿದು ಎದ್ದರು.

ಸಾಕಮ್ಮ ಉಳಿದ ಮುದ್ದೆಗಳ ಮೇಲೆ ತಟ್ಟೆ ಮುಚ್ಚಿ ಒಲೆಯ ಮುಂದೆ ಕೂತುಬಿಟ್ಟಳು. "ಜಾಗದ ದೋಸ ಅಲ್ಲ ಕಣ್ರೀ, ನನ್ನ ಕೈದೇ ದೋಸ. ಪ್ಯಾಟೆಗೆ ಬಂದು ನಂಗೆ ಸಾರು ಮಾಡೋದು ಮರ್ತೋಗದೆ" ಎಂದಳು. ಅವಳ ಸಾರಿನಲ್ಲಿ ದೋಷ ಹುಡುಕುವುದು ನನ್ನಿಂದಾಗದ ಕೆಲಸ. ಆದರೆ ನನ್ನ ನೆಲದಲ್ಲಿಯೂ ದೋಷವಿರಲಾರದು. ಹಾಗಾದರೆ ದೋಷ ಎಲ್ಲಿದೆ? ವಯಸ್ಸಾಯಿತು, ಮಾವನಿಗೇ ಮೊದಲಿನಷ್ಟು ಸೇರುವುದಿಲ್ಲವೇನೋ ಎಂದೆ. ಅದು ಹೇಳಬಾರದ ಮಾತಾಗಿತ್ತು. ಅವಳು ನನ್ನ ಕಡೆ ತಿರುಗಲೇ ಇಲ್ಲ. ಮಾರನೆಯ ಬೆಳಗಿನ ಬಸ್ಸಿಗೆ ಮಾವ ಹೊರಡುವವರು. ಉಳಿದದ್ದು ಒಂದೇ ಊಟ.

ಬೆಳಿಗ್ಗೆ ಆ ಊಟಕ್ಕೆ ಮಾವ ಬಂದು ಕೂತಾಗ ನನಗೊಂದು ಬುದ್ಧಿ ಹೊಳೆಯಿತು. ಇವರಿಗೆ ಈ ಜಾಗದ ಬೆಲೆ ಗೊತ್ತಿಲ್ಲ, ತಿಳಿಸಿ ಹೇಳಬೇಕು. ತಿಳಿದರೆ ಮನಸ್ಸು ಅರಳುತ್ತದೆ, ಮನಸ್ಸು ಅರಳಿದರೆ ಹೊಟ್ಟೆ ಅರಳುತ್ತದೆ. ಒಳಗಿನಿಂದ ರಸಮಟ್ಟ ತಂದು ಅವರ ಮುಂದೆ ನೆಲದ ಮೇಲಿಟ್ಟೆ. "ನೋಡಿ ಮಾವ, ಈ ಗುಳ್ಳೆ ನಡುವೆ ನಿಂತಿದೆಯಲ್ಲ, ಅದರರ್ಥ ಈ ನೆಲ ಎಳ್ಳಷ್ಟೂ ವಾಲಿಲ್ಲ." ಮಾವ ಗುಳ್ಳೆ ನೋಡಿದರು, ನನ್ನನ್ನು ನೋಡಿದರು. "ಅಂಗಾ?" ಎಂದರು. ಅಷ್ಟರಲ್ಲಿ ಬೀದಿಯಲ್ಲಿ ಯಾರೋ ಮಳವಳ್ಳಿ ಬಸ್ಸಿಗೆ ಇದ್ದಿಲು ತುಂಬುತ್ತಿದ್ದಾರೆ ಎಂದು ಹೇಳಿದ್ದು ಕೇಳಿಸಿತು. ಇನ್ನೆಷ್ಟು ಹೊತ್ತಿದೆ ಎಂದು ಕೇಳಿಕೊಂಡು ಬರಲು ನಾನು ಹೊರಗೆ ಓಡಿದೆ. ಇದ್ದಿಲು ಹೊತ್ತಿಕೊಳ್ಳಲು ಇನ್ನೂ ಸಮಯ ಹಿಡಿಯುತ್ತದೆ ಎಂದು ತಿಳಿದು ವಾಪಸು ಬಂದೆ.

ಬಂದು ಬಾಗಿಲಲ್ಲೇ ನಿಂತೆ. ಮಾವನ ಗಂಗಳ ಓರೆಯಾಗಿತ್ತು. ಅದರ ಆಚೆಯ ಅಂಚಿನ ಅಡಿಯಲ್ಲಿ ನನ್ನ ರಸಮಟ್ಟ ಅಡ್ಡಡ್ಡ ಮಲಗಿತ್ತು. ಸಾರೆಲ್ಲ ಇಳಿದು ಮಾವನ ಕಡೆಯ ಅಂಚಿನಲ್ಲಿ ಕಟ್ಟೆಯೊಳಗಿನ ನೀರಿನ ಹಾಗೆ ನಿಂತಿತ್ತು. ಮೇಲುಗಡೆ ಒಣನೆಲದಲ್ಲಿ ಮುದ್ದೆ. ಮಾವ ಮುದ್ದೆಯನ್ನು ಮುರಿಯುತ್ತಿದ್ದರು, ಬೆರಳಲ್ಲಿ ಉಂಡೆ ಮಾಡುತ್ತಿದ್ದರು, ಸಾರಿನ ಮಡುವಿನಲ್ಲಿ ಮುಳುಗಿಸುತ್ತಿದ್ದರು, ಗುಳುಕ್ ಎಂದು ನುಂಗುತ್ತಿದ್ದರು. ಅವರ ಮುಖದಲ್ಲಿ ನಾನು ಅಂಥ ಶಾಂತಿಯನ್ನು ಹಿಂದೆ ಕಂಡಿರಲಿಲ್ಲ. ನನ್ನನ್ನು ಕಂಡವರೇ, "ಅಲ್ಲ ಅಳಿಮಯ್ಯ, ಗಂಗಳಕ್ಕೆ ಒತ್ತು ಮಡಗಕ್ಕೆ ಇಂತಾದೊಂದು ಮಾಡ್ಸಿ ಮಡಗಿದ್ದೀರಿ, ನೆನ್ನೇನೇ ಯೋಳ್ಬಾರ್ದಾ? ಸಾರು ಸುತ್ತ ಅರ್ಕಂಡ್ರೆ ಮುದ್ದೆ ನೆಂದು ಅಂಬ್ಲಿ ಆಯ್ತದೆ. ಒಂದ್ಕಡೆ ನಿಂತ್ರೆ ಅದ್ಕಂಡು ನುಂಗ್ಬೋದು. ನಮ್ಮನೇಲಾದ್ರೆ ನಾ ಕೂರೋ ತಾವು ನೆಲವೇ ವಾಲ್ಕಂಡದೆ, ಒತ್ತು ಬ್ಯಾಡ. ಇಲ್ಲಿ ರಾತ್ರಿ ಸುತ್ತೆಲ್ಲ ತಡವುದ್ರೂ ಒಂದು ಬೆಣಚುಕಲ್ಲೂ ಸಿಕ್ನಿಲ್ಲ" ಎಂದರು. ಹಾಗೆಂದು ಮಗಳ ಕಡೆ ತಿರುಗಿ, "ಇನ್ನೊಂದು ಇಕ್ಕವ್ವ" ಎಂದರು.

ನಾನು ಹೊರಗಿದ್ದಾಗಲೇ ಎರಡನೆಯದು ಬಿದ್ದಿತ್ತು, ಇದು ಮೂರನೆಯದು. ಸಾಕಮ್ಮ ಮುದ್ದೆಯನ್ನು ತಂದು ಇಟ್ಟಳು. "ಸಾರು ಎಂಗದೆ ಅಪ್ಪಾ?" ಎಂದು ಕೇಳಿದಳು. "ನಿಮ್ಮವ್ವನ ಸಾರಿಗಿಂತ ವಾಸಿ. ಅವ್ಳಿಗೆ ಯೋಳ್ಬ್ಯಾಡ" ಎಂದರು ಮಾವ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ನೋಡಿದಳು. ಮದುವೆಯಾದಂದಿನಿಂದ ಆವರೆಗೆ ಅವಳು ನನ್ನ ಬುದ್ಧಿಯನ್ನು ಅಷ್ಟು ಗೌರವದಿಂದ ನೋಡಿದ್ದಿಲ್ಲ. ಅದು ಒತ್ತಲ್ಲ, ರಸಮಟ್ಟ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ನುಂಗಿಬಿಟ್ಟೆ. ಸಾರಿಲ್ಲದೆಯೇ ಸಲೀಸಾಗಿ ಇಳಿಯಿತು.

ಹೊರಡುವ ಹೊತ್ತಿಗೆ ಸಾಕಮ್ಮ ರಸಮಟ್ಟವನ್ನು ಹುಣಿಸೇಹಣ್ಣು ಹಾಕಿ ಫಳಫಳ ಹೊಳೆಯುವಂತೆ ತೊಳೆದು ತಂದಳು. ನನ್ನ ಪೆಟ್ಟಿಗೆಯಲ್ಲಿಡಲು ಎಂದುಕೊಂಡೆ. ಅವಳು ಅದನ್ನು ಅಪ್ಪನ ಗಂಟಿನಲ್ಲಿ, ಎಲೆ ಅಡಿಕೆಯ ಪಕ್ಕದಲ್ಲಿ ಇಟ್ಟು, "ಊರಲ್ಲಿ ಬ್ಯಾಡ ಅಂದ್ರೂ ನೆಂಟರ ಮನೇಗೋದಾಗ ಬೇಕಾಯ್ತದಲ್ಲಪ್ಪಾ, ಮಡಿಕ್ಕೊ. ಇವ್ರು ಬ್ಯಾರೆ ಮಾಡುಸ್ಕತ್ತಾರೆ" ಎಂದಳು. ಮಾವ ನನ್ನ ಮುಖ ನೋಡಿದರು. ನಾನು ನಕ್ಕೆ. ಆ ನಗು ಎಷ್ಟು ವಾಲಿತ್ತೆಂದು ಅಳೆಯಲು ನನ್ನ ಬಳಿ ಸಾಧನ ಉಳಿದಿರಲಿಲ್ಲ.

ವರ್ಷದ ಮೇಲೆ ಮಳವಳ್ಳಿಯಲ್ಲಿ ಬೀಗರ ಊಟವೊಂದಕ್ಕೆ ಹೋಗಿದ್ದೆ. ಚಪ್ಪರದ ಕೆಳಗೆ ನೆಲದ ಮೇಲೆ ಉದ್ದ ಪಂಕ್ತಿ. ಮಾವ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಮುದ್ದೆ ಬರುತ್ತಲೇ ಬಗಲಿನ ಚೀಲದಿಂದ ರಸಮಟ್ಟವನ್ನು ತೆಗೆದು ಗಂಗಳದಡಿ ಸೇರಿಸಿದರು. "ಇಂಜನೇರು ನನ್ನಳಿಯ. ನಾಲೆ ಮಾಡೋ ಕಚೇರೀಲಿ ಅವ್ರೆ. ಇದ ಅವ್ರೇ ಮಾಡ್ಸಿದ್ದು" ಎಂದು ಸಾಲಿನ ಕೊನೆಯವರೆಗೆ ಕೇಳುವಂತೆ ಹೇಳಿದರು. ಇಡೀ ಪಂಕ್ತಿ ಮುಂದಕ್ಕೆ ಬಗ್ಗಿ ನನ್ನನ್ನು ನೋಡಿತು. ಮೈಲಿಗಟ್ಟಲೆ ನಾಲೆಯ ನಕ್ಷೆ ಬರೆದವನನ್ನು ಆ ತಾಲ್ಲೂಕಿನಲ್ಲಿ ಯಾರೂ ಕೇಳಿದವರಿಲ್ಲ. ಆದರೆ ಅವತ್ತು ಎದುರಿನ ಸಾಲಿನ ಮುದುಕರೊಬ್ಬರು, "ಸೋಮಿ, ನಮ್ಗೂ ಇಂತಾದೊಂದು ಮಾಡ್ಸಿಕೊಡಿ" ಎಂದು ಕೈ ಮುಗಿದರು. ಆಗಲಿ ಎಂದೆ. ನನ್ನ ಗಂಗಳಕ್ಕೂ ಮುದ್ದೆ ಬಂತು, ಸಾರು ಬಂತು. ಚಪ್ಪರದ ಆ ಜಾಗ, ನನ್ನ ಅದೃಷ್ಟಕ್ಕೆ, ನಕ್ಷೆಯಲ್ಲಿ ಗೆರೆ ಎಳೆದಂತೆ ಮಟ್ಟಸವಾಗಿತ್ತು. ಸಾರು ಸುತ್ತ ಹರಡಿ, ಮುದ್ದೆ ಬುಡದಿಂದ ನೆನೆಯತೊಡಗಿತು. ನಾನು ಸ್ವಲ್ಪ ಹೊತ್ತು ಅಭಿಮಾನದಿಂದ ಕೂತಿದ್ದೆ. ಆಮೇಲೆ ನನ್ನ ಎಡಗೈ, ನನ್ನನ್ನು ಕೇಳದೆ, ನೆಲದ ಮೇಲೆ ಒಂದು ಕಲ್ಲು ಹುಡುಕಲು ಹೊರಟಿತು.

ಮಾವ ಅದನ್ನು ನೋಡಿದರು. ತಮ್ಮ ಗಂಗಳವನ್ನು ಎತ್ತಿ, ರಸಮಟ್ಟವನ್ನು ನನ್ನ ಕಡೆಗೆ ಸರಿಸಿದರು. ನಾನು ಅದನ್ನು ಗಂಗಳದ ಅಡಿ ಸೇರಿಸಿ, ಗುಳ್ಳೆ ಎಲ್ಲಿದೆ ಎಂದು ನೋಡದೆ, ಉಣ್ಣಲು ತೊಡಗಿದೆ.